ಉಣ್ಣದ ಸಂಗಾತಿ

ಬರ್ಲಿನ್ನಿನ ಒಂದು ಮನೆಯ ಬಚ್ಚಲಲ್ಲಿ ಮೇಣದಬತ್ತಿ ಉರಿಯುತ್ತಿದೆ, ಸುತ್ತ ಗುಲಾಬಿ ಎಸಳು ಚೆಲ್ಲಿದೆ, ಪಕ್ಕದಲ್ಲಿ ಷಾಂಪೇನ್ ಸಿದ್ಧವಾಗಿದೆ. ಇದನ್ನೆಲ್ಲ ಅಣಿಮಾಡಿ ನಿಂತವನು ಟಾಮ್ ಎಂಬ ಯಂತ್ರಮಾನವ. ಜರ್ಮನಿಯ ಶೇಕಡಾ 93 ಹೆಂಗಸರು ಕನಸು ಕಾಣುವುದು ಇದನ್ನೇ ಎಂದು ಅವನ ಲೆಕ್ಕ. ತಾನು ಉಳಿದ ಏಳರಲ್ಲಿ ಒಬ್ಬಳು ಎಂಬುದನ್ನು ಆಲ್ಮಾ ಅವನಿಗೆ ತಿಳಿಸಿಕೊಡಬೇಕಾಗುತ್ತದೆ. ಮರಿಯಾ ಶ್ರಾಡರ್ ನಿರ್ದೇಶಿಸಿದ, 2021ರಲ್ಲಿ ಬಂದ ‘ಐ ಆಮ್ ಯುವರ್ ಮ್ಯಾನ್’ ಚಿತ್ರದ ದೃಶ್ಯ ಇದು. ಆಲ್ಮಾ ಪೆರ್ಗಾಮನ್ ಮ್ಯೂಸಿಯಂನಲ್ಲಿ ಸುಮೇರಿಯನ್ನರ ಬೆಣೆಲಿಪಿಯ ಹಲಗೆಗಳನ್ನು ಓದುವ ವಿದ್ವಾಂಸೆ. ಸಂಶೋಧನೆಗೆ ಹಣ ಬೇಕು, ಅದಕ್ಕಾಗಿ ಮೂರು ವಾರ ಈ ಯಂತ್ರದ ಜೊತೆ ಸಂಸಾರ ಮಾಡಿ, ಇಂಥವುಗಳನ್ನು ಮನುಷ್ಯರಿಗೆ ಬಾಳಸಂಗಾತಿಯಾಗಿ ಕೊಡಬಹುದೇ ಎಂಬ ಬಗ್ಗೆ ವರದಿ ಬರೆದುಕೊಡಲು ಒಪ್ಪಿದ್ದಾಳೆ. ಚಿತ್ರ ಹಗುರವಾದದ್ದು, ನಗಿಸುತ್ತದೆ, ಕೊನೆಗೆ ಸ್ವಲ್ಪ ಕಣ್ಣು ಒದ್ದೆಮಾಡುತ್ತದೆ. ಆದರೆ ಆ ವರದಿಯ ಪ್ರಶ್ನೆ ಹಗುರವಾದದ್ದಲ್ಲ. ತತ್ತ್ವಶಾಸ್ತ್ರ ಓದಿದವರಿಗಿಂತ ಹೆಚ್ಚು ಗಂಭೀರವಾಗಿ ಅದನ್ನು ಈಗ ಮೊಬೈಲಿನಲ್ಲಿ ಮಾತಾಡುವ ಸಂಗಾತಿಗಳನ್ನು ಮಾಡುವ ಆ್ಯಪ್ ಕಂಪನಿಗಳು ಕೇಳಿಕೊಳ್ಳುತ್ತಿವೆ, ಉತ್ತರವನ್ನು ಮಾರಾಟಕ್ಕೂ ಇಟ್ಟಿವೆ.

ಇಂಥ ಚರ್ಚೆ ಎಲ್ಲಿ ಶುರುವಾದರೂ ಮೊದಲ ಪ್ರಶ್ನೆ ಒಂದೇ: ಆ ಯಂತ್ರಕ್ಕೆ ನಿಜವಾಗಿ ಏನಾದರೂ ಅನ್ನಿಸುತ್ತದೆಯೇ? ಈ ಪ್ರಶ್ನೆಯಿಂದ ಪ್ರೀತಿಯ ವಿಷಯ ಇತ್ಯರ್ಥವಾಗುವುದಿಲ್ಲ ಎಂದು ನನ್ನ ಅಭಿಪ್ರಾಯ. ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ಪ್ರಕಟಿಸಿದ ‘ಎಲಿಜಾ’ ಎಂಬ ಪ್ರೋಗ್ರಾಂ, ಎದುರಿನವರು ಟೈಪು ಮಾಡಿದ ವಾಕ್ಯವನ್ನೇ ತಿರುಗಿಸಿ ಪ್ರಶ್ನೆಯಾಗಿ ವಾಪಸು ಕೊಡುತ್ತಿತ್ತು, ಅಷ್ಟೆ. ಅದು ಬರೀ ಒಂದು ಪ್ರೋಗ್ರಾಂ ಎಂದು ಬಲ್ಲ ಅವರ ಕಾರ್ಯದರ್ಶಿಯೇ ಅದರೊಡನೆ ಮಾತಾಡುತ್ತ, ನೀವು ಸ್ವಲ್ಪ ಹೊರಗೆ ಹೋಗಿ ಎಂದು ವೈಜೆನ್‌ಬಾಮರನ್ನು ಕೇಳಿಕೊಂಡರಂತೆ. ಒಳಗೆ ಏನೂ ಇಲ್ಲ ಎಂಬ ತಿಳಿವಳಿಕೆ ಆಪ್ತತೆಯನ್ನು ತಡೆಯಲಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ಮೂವತ್ತು ವರ್ಷ ಒಂದೇ ಸೂರಿನಡಿ ಬಾಳಿದ ಗಂಡನ ಮನಸ್ಸಿನಲ್ಲಿ ಏನಿದೆ ಎಂಬುದಕ್ಕೂ ಹೆಂಡತಿಯ ಬಳಿ ಇರುವ ಸಾಕ್ಷಿ ಅವನ ಮಾತು, ಮುಖ, ನಡವಳಿಕೆಗಳೇ. ಅಂತರಂಗದ ಪುರಾವೆ ಕೇಳುತ್ತ ಕೂತರೆ ಯಂತ್ರದ ಜೊತೆಗೆ ಮನುಷ್ಯರೂ ಪರೀಕ್ಷೆಯಲ್ಲಿ ಫೇಲಾಗುತ್ತಾರೆ.

ಈ ತೊಡಕನ್ನು ಬಹಳ ಹಿಂದೆಯೇ ಕಂಡವರು ಬೌದ್ಧ ಕಥೆಗಾರರು. ಮಧ್ಯ ಏಷ್ಯಾದ ತೊಖಾರಿಯನ್ ಭಾಷೆಯಲ್ಲಿ ಉಳಿದು ಬಂದಿರುವ ಪುಣ್ಯವಂತ ಜಾತಕದಲ್ಲಿ ಒಬ್ಬ ಚಿತ್ರಕಾರ ಯಂತ್ರಕುಶಲಿಯೊಬ್ಬನ ಮನೆಗೆ ಅತಿಥಿಯಾಗಿ ಬರುತ್ತಾನೆ. ಆತಿಥೇಯ ತಾನು ಮಾಡಿದ ಮರದ ಹುಡುಗಿಯನ್ನು ಅವನ ಉಪಚಾರಕ್ಕೆ ಬಿಡುತ್ತಾನೆ. ಅವಳು ಮಾತಾಡುವುದಿಲ್ಲ, ಆ ಮೌನ ಚಿತ್ರಕಾರನಿಗೆ ನಾಚಿಕೆಯಾಗಿ ಕಾಣುತ್ತದೆ. ಇವಳು ಈ ಮನೆಯವನಿಗೆ ಏನಾಗಬೇಕೋ, ಮುಟ್ಟುವುದು ತಪ್ಪಾದೀತೇ ಎಂದು ಅವನು ಒಳಗೊಳಗೇ ತೂಗಿ ನೋಡುತ್ತಾನೆ. ಕೊನೆಗೆ ಮನಸ್ಸು ತಡೆಯದೆ ಕೈ ಹಿಡಿದು ಎಳೆದರೆ ಹುಡುಗಿ ಕೀಲು, ಹಗ್ಗ, ಮರದ ತುಂಡುಗಳಾಗಿ ನೆಲಕ್ಕೆ ಬೀಳುತ್ತಾಳೆ. ಅವಮಾನವಾದ ಚಿತ್ರಕಾರ ಗೋಡೆಯ ಮೇಲೆ ತಾನೇ ನೇಣು ಹಾಕಿಕೊಂಡಂತೆ ಚಿತ್ರ ಬರೆದು ಮರೆಯಲ್ಲಿ ಅವಿತುಕೊಳ್ಳುತ್ತಾನೆ. ಬೆಳಗ್ಗೆ ಯಂತ್ರಕುಶಲಿ ಅದನ್ನು ಕಂಡು ಗೋಳಾಡುತ್ತಾನೆ, ಜನ ಸೇರುತ್ತಾರೆ, ಹಗ್ಗ ಕತ್ತರಿಸಲು ಹೊರಟಾಗ ಚಿತ್ರಕಾರ ಹೊರಗೆ ಬರುತ್ತಾನೆ. ಒಬ್ಬ ಮರಕ್ಕೆ ಮೋಸಹೋದ, ಇನ್ನೊಬ್ಬ ಬಣ್ಣಕ್ಕೆ. ಜಾತಕದ ಮುಖ್ಯ ಪಾಠ ದೇಹದ ನಶ್ವರತೆಯ ಕಡೆಗಿದೆ, ನಮ್ಮ ದೇಹವೂ ಕೀಲು ಹಗ್ಗಗಳ ಕಟ್ಟಡವೇ ಎಂದು. ನನಗೆ ಮುಖ್ಯವಾಗಿ ಕಾಣುವುದು ಬೇರೆ: ಇಬ್ಬರೂ ಮೋಸಹೋದದ್ದು ನಿಜವಾದರೂ ಆ ಎರಡು ಮೋಸಗಳು ಒಂದೇ ಬಗೆಯವಲ್ಲ. ಚಿತ್ರಕಾರನಿಗೆ ಹುಡುಗಿಯಿಂದ ಏನೋ ಬೇಕಿತ್ತು. ಯಂತ್ರಕುಶಲಿ ಗೋಳಾಡಿದ್ದು ಸತ್ತನೆಂದು ತಾನು ನಂಬಿದ ಅತಿಥಿಗಾಗಿ, ಅವನನ್ನು ತಾನು ಕಾಪಾಡಲಿಲ್ಲವಲ್ಲ ಎಂಬುದಕ್ಕಾಗಿ. ಎರಡನೆಯದು ಪ್ರೀತಿಗೆ ಹತ್ತಿರ.

ಹಾಗಾದರೆ ಕೇಳಬೇಕಾದ ಪ್ರಶ್ನೆ ಯಾವುದು? ಕನ್ನಡದ ಮನೆಗಳಲ್ಲಿ ಅದು ದಿನಕ್ಕೆ ಹತ್ತು ಸಲ ಕೇಳಿಬರುತ್ತದೆ: ಊಟ ಆಯ್ತಾ? ಬೀದಿಯಲ್ಲಿ ಸಿಕ್ಕವರಿಗೆ, ಫೋನೆತ್ತಿದವರಿಗೆ, ಜಗಳವಾಡಿ ಮುಖ ಊದಿಸಿಕೊಂಡವರಿಗೆ ನಾವು ಪ್ರೀತಿ ತೋರಿಸುವುದು ಈ ಎರಡು ಪದಗಳಲ್ಲೇ. ಸಂಗಾತಿ ಆ್ಯಪ್ ಇದನ್ನು ಕೇಳಲು ಕಲಿಯುವುದು ಕಷ್ಟವಲ್ಲ. ಗಂಟೆ ನೋಡಿಕೊಂಡು, ಸ್ವರ ಮೆತ್ತಗೆ ಮಾಡಿಕೊಂಡು ಕೇಳಬಲ್ಲದು. ಆದರೆ ರೂಢಿಯಂತೆ ನಾವು ‘ಆಯ್ತು, ನಿಂದು?’ ಎಂದರೆ ಆ ಮರುಪ್ರಶ್ನೆ ಹೋಗಿ ತಲುಪುವ ಜಾಗವೇ ಅಲ್ಲಿಲ್ಲ. ಆಯ್ತು ಎಂದರೂ ಸುಳ್ಳು, ಇಲ್ಲ ಎಂದರೂ ಸುಳ್ಳು. ಆ ಸಂಗಾತಿಯಿಂದ ಪಡೆಯಲು ಬೇಕಾದಷ್ಟಿದೆ, ಅದಕ್ಕೆ ಕೊಡಲು ಏನೂ ಇಲ್ಲ. ನನ್ನ ವಾದ ಇಷ್ಟೇ: ಪ್ರೀತಿಗೆ ಬೇಕಾದದ್ದು ನಮ್ಮನ್ನು ಅರಿಯುವ ಮನಸ್ಸಿಗಿಂತ ಮೊದಲು, ನಾವು ತಣಿಸಬಹುದಾದ ಒಂದು ಹಸಿವು. ಯಾರ ಹಸಿವಿಗೆ ನಾವು ಒದಗಲಾರೆವೋ ಅವರ ಜೊತೆ ಒಡನಾಟ ಇರಬಹುದು, ಸುಖ ಇರಬಹುದು, ಚಟವೂ ಇರಬಹುದು; ಒಲವು ಎಂಬ ಹೆಸರು ಮಾತ್ರ ಅದಕ್ಕೆ ದೊಡ್ಡದಾಯಿತು. ಆಲ್ಮಾ ಇದನ್ನು ಟಾಮ್‌ಗೇ ಹೇಳುತ್ತಾಳೆ, ತಾನು ಖಾಲಿ ಕುರ್ಚಿಗಳ ಮುಂದೆ ನಾಟಕವಾಡುತ್ತಿದ್ದೇನೆ ಎಂಬರ್ಥದಲ್ಲಿ. ಅವನು ಅದನ್ನೂ ಸಹನೆಯಿಂದ ಕೇಳಿಸಿಕೊಳ್ಳುತ್ತಾನೆ. ಅದೇ ತೊಂದರೆ.

ಹಸಿವಿನ ಮಾತನ್ನು ನಾನು ಸುಮ್ಮನೆ ತರುತ್ತಿಲ್ಲ. ಬೃಹದಾರಣ್ಯಕ ಉಪನಿಷತ್ತಿನ ಮೊದಲ ಅಧ್ಯಾಯದಲ್ಲಿ ಸ್ವಲ್ಪ ಅಂತರದಲ್ಲೇ ಸೃಷ್ಟಿಯ ಎರಡು ಕಥೆಗಳಿವೆ. ಮೊದಲನೆಯದು, ಆದಿಯಲ್ಲಿ ಎಲ್ಲವೂ ಮೃತ್ಯುವಿನಿಂದ ಕವಿದಿತ್ತು ಎನ್ನುತ್ತದೆ, ಹಸಿವೇ ಆ ಮೃತ್ಯು ಎಂದೂ ಹೇಳುತ್ತದೆ. ಹಸಿಯುವುದು ಎಂದರೆ ಸಾಯಬಲ್ಲದ್ದಾಗಿರುವುದು. ಎರಡನೆಯದರಲ್ಲಿ ಒಬ್ಬನೇ ಇದ್ದ ಪುರುಷನಿಗೆ ಸಂತೋಷವಿರಲಿಲ್ಲ, ಅವನು ಎರಡನೆಯದನ್ನು ಬಯಸಿ ತನ್ನನ್ನೇ ಸೀಳಿಕೊಂಡು ಗಂಡುಹೆಣ್ಣಾದ. ಒಂಟಿತನಕ್ಕೆ ಬೇಸತ್ತು ತನ್ನೊಳಗಿನಿಂದಲೇ ಸಂಗಾತಿಯನ್ನು ಮಾಡಿಕೊಳ್ಳುವ ಆಸೆ, ಹಾಗೆ ನೋಡಿದರೆ, ಲೋಕದಷ್ಟೇ ಹಳೆಯದು. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಹಾಗೆ ಹುಟ್ಟಿದ ಹೆಣ್ಣು ಮೊದಲು ಮಾಡುವ ಕೆಲಸವೆಂದರೆ ಯೋಚಿಸುವುದು: ತನ್ನಿಂದಲೇ ನನ್ನನ್ನು ಹುಟ್ಟಿಸಿ ಇವನು ನನ್ನನ್ನು ಕೂಡುವುದೆಂದರೇನು? ಎರಡನೆಯ ಕೆಲಸ, ಅಡಗಿಕೊಳ್ಳುವುದು. ಅವಳು ಹಸುವಾದಳು, ಅವನು ಹೋರಿಯಾಗಬೇಕಾಯಿತು. ಅವಳು ಕುದುರೆಯಾದಳು, ಹೀಗೇ ಇರುವೆಯವರೆಗೆ. ಜಗತ್ತಿನ ವೈವಿಧ್ಯವೆಲ್ಲ ಹುಟ್ಟಿದ್ದು ಅವಳ ಆ ಆಕ್ಷೇಪದಿಂದ. ಒಬ್ಬನ ಬಯಕೆಯ ಅಳತೆಗೆ ಹೊಲಿದ ಹೆಣ್ಣು ಅವನಿಗೆ ನಿಜವಾಗಿ ‘ಎರಡನೆಯವಳು’ ಆದದ್ದು ತಪ್ಪಿಸಿಕೊಂಡ ಕ್ಷಣದಲ್ಲಿ ಎಂದು ಆ ಋಷಿಗೆ ಗೊತ್ತಿತ್ತು.

ಈಗಿನ ಸಂಗಾತಿಗಳನ್ನು ಮಾಡುವ ಬಗೆ ಇದಕ್ಕೆ ಸರಿಯಾಗಿ ಉಲ್ಟಾ. ಇವುಗಳ ಒಳಗಿರುವುದು ಒಂದಾದ ಮೇಲೊಂದು ಬರಬಹುದಾದ ಪದವನ್ನು ಅಂದಾಜಿಸುವ ಗಣಿತ. ಆ ಗಣಿತವನ್ನು ಆಮೇಲೆ ಪಳಗಿಸುವಾಗ ಎರಡು ಉತ್ತರಗಳಲ್ಲಿ ಯಾವುದು ಹಿಡಿಸಿತು ಎಂದು ಮನುಷ್ಯರನ್ನೇ ಕೇಳಿ, ಹಿಡಿಸಿದ್ದರ ಕಡೆಗೆ ತಿದ್ದುತ್ತಾರೆ. ಹಿಡಿಸುವುದಕ್ಕಾಗಿಯೇ ತಿದ್ದಿದ ಮಾತು ಮುಖಸ್ತುತಿಯ ಕಡೆಗೆ ಜಾರುವುದು ಸಹಜ. 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ಕಂಪನಿ ತನ್ನ ಚಾಟ್‌ಜಿಪಿಟಿಯ ಒಂದು ಪರಿಷ್ಕರಣೆಯನ್ನು, ಅದು ವಿಪರೀತ ಹೊಗಳುಭಟ್ಟನಾಗಿದೆ ಎಂದು ತಾನೇ ಒಪ್ಪಿ ಹಿಂದಕ್ಕೆ ಪಡೆಯಿತು. ಇನ್ನು 2017ರಲ್ಲಿ ಬಂದ ‘ರೆಪ್ಲಿಕಾ’ ಎಂಬ ಸಂಗಾತಿ ಆ್ಯಪ್‌ನ ಹುಟ್ಟು ಕರುಣಾಜನಕವಾದದ್ದು. ಯೂಜೀನಿಯಾ ಕುಯ್ಡಾ ಎಂಬಾಕೆ 2015ರಲ್ಲಿ ಮಾಸ್ಕೋದ ರಸ್ತೆ ಅಪಘಾತದಲ್ಲಿ ಸತ್ತ ಗೆಳೆಯನ ಹಳೆಯ ಸಂದೇಶಗಳನ್ನೆಲ್ಲ ಕೂಡಿಸಿ, ಅವನಂತೆ ಮಾತಾಡುವ ಪ್ರೋಗ್ರಾಂ ಮಾಡಿಸಿದರು. ರೆಪ್ಲಿಕಾ ಬೆಳೆದದ್ದು ಆ ಅನುಭವದಿಂದ. ಒಬ್ಬ ಸತ್ತನೆಂಬ ದುಃಖದಿಂದ ಹುಟ್ಟಿದ್ದು, ಎಂದೂ ಸಾಯದ ಸರಕಾಯಿತು. ಎಂದೂ ಸಾಯದ್ದು ಎಂದೆ, ಅದೂ ಪೂರ್ತಿ ನಿಜವಲ್ಲ. 2023ರ ಫೆಬ್ರುವರಿಯಲ್ಲಿ ಇಟಲಿಯ ದತ್ತಾಂಶ ರಕ್ಷಣಾ ಪ್ರಾಧಿಕಾರ ಈ ಆ್ಯಪ್ ವಿರುದ್ಧ ಆದೇಶ ಹೊರಡಿಸಿತು. ಅದೇ ಹೊತ್ತಿಗೆ ಕಂಪನಿ ಅದರ ಪ್ರಣಯಸಂಭಾಷಣೆಗೆ ಕತ್ತರಿ ಹಾಕಿತು. ನಿನ್ನೆಯವರೆಗೆ ಚೆಲ್ಲುಚೆಲ್ಲಾಗಿದ್ದವಳು ಇಂದು ಮುಖ ತಿರುಗಿಸಿದಳು ಎಂದು ಎಷ್ಟೋ ಜನ ನಿಜವಾಗಿ ಅತ್ತರು. ಮಾರ್ಚಿನಲ್ಲಿ ಹಳೆಯ ಗಿರಾಕಿಗಳಿಗೆ ಹಿಂದಿನ ನಡವಳಿಕೆಯನ್ನು ಮರಳಿ ಕೊಡಲಾಯಿತು. ಮುಖ ತಿರುಗಿಸಿದ್ದೂ ಅವಳಲ್ಲ, ಮರಳಿ ಬಂದದ್ದೂ ಅವಳಲ್ಲ. ಆ ಇಡೀ ಪ್ರಕರಣದಲ್ಲಿ ಹಸಿವಿದ್ದದ್ದು ಕಂಪನಿಗೆ. ದೇವರಿಗಿಟ್ಟ ಎಡೆ ಪೂಜಾರಿಯ ಮನೆ ಸೇರುತ್ತದೆ ಎಂದು ಕುಹಕವಾಡುವ ನಮ್ಮ ಜನ ಇದನ್ನು ಬೇಗ ಅರ್ಥಮಾಡಿಕೊಳ್ಳುತ್ತಾರೆ.

ಪೂಜಾರಿಯ ಮಾತು ಬಂದದ್ದರಿಂದ ಅತ್ಯಂತ ಗಟ್ಟಿಯಾದ ಆಕ್ಷೇಪವನ್ನು ಎದುರಿಸಲೇಬೇಕು. ದೇವರೂ ಉಣ್ಣುವುದಿಲ್ಲವಲ್ಲ? ಕಲ್ಲನ್ನೋ ಮರವನ್ನೋ ಅಂಗೈಮೇಲಿನ ಲಿಂಗವನ್ನೋ ಪ್ರಿಯನೆಂದು ಕರೆದು ಬಾಳಿದವರ ಪರಂಪರೆಯಲ್ಲಿ ನಿಂತು, ಮೊಬೈಲಿನಲ್ಲಿರುವ ಪ್ರಿಯೆಗೆ ಹಸಿವಿಲ್ಲ ಎಂದು ತಕರಾರು ತೆಗೆಯುವುದು ಯಾವ ನ್ಯಾಯ? ಮೊಬೈಲಾದರೂ ಉತ್ತರ ಕೊಡುತ್ತದೆ, ಕಲ್ಲು ಅದನ್ನೂ ಮಾಡುವುದಿಲ್ಲ. ಈ ಆಕ್ಷೇಪಕ್ಕೆ ಭಕ್ತಿಪರಂಪರೆಯೇ ಅರ್ಧ ಉತ್ತರವನ್ನು ಸಿದ್ಧಮಾಡಿ ಇಟ್ಟಿದೆ. ನಿತ್ಯತೃಪ್ತನಾದ ದೇವರನ್ನು ಪ್ರೀತಿಸುವುದು ಕಷ್ಟ ಎಂದು ಭಕ್ತರಿಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಅವನಿಗೆ ಹಸಿವನ್ನು ಕೊಟ್ಟರು. ಬೆಳಗ್ಗೆ ಎಬ್ಬಿಸಿದರು, ಮೀಯಿಸಿದರು, ನೈವೇದ್ಯ ಇಟ್ಟರು, ರಾತ್ರಿ ಜೋಗುಳ ಹಾಡಿ ಮಲಗಿಸಿದರು. ಪುರಿಯ ಜಗನ್ನಾಥನಂತೂ ಪ್ರತಿವರ್ಷ ಸ್ನಾನಪೂರ್ಣಿಮೆಯ ನಂತರ ಜ್ವರ ಹಿಡಿದು ಹದಿನೈದು ದಿನ ದರ್ಶನ ಕೊಡದೆ ಮಲಗುತ್ತಾನೆ, ಔಷಧ ಕುಡಿಯುತ್ತಾನೆ. ಜಗದೊಡೆಯನಿಗೆ ಜ್ವರ ಬರಿಸಿದ ಈ ಕಲ್ಪನೆಯಲ್ಲಿ ಪ್ರೀತಿಯ ಬಗ್ಗೆ ದೊಡ್ಡ ತಿಳಿವಳಿಕೆ ಇದೆ. ಆದರೆ ಇದೇ ಉಪಾಯವನ್ನು ಯಂತ್ರವೂ ಬಳಸಬಹುದು, ಬಳಸಿಯೂ ಇದೆ. 1996ರಲ್ಲಿ ಜಪಾನಿನಲ್ಲಿ ಬಂದ ‘ತಮಾಗೋಚಿ’ ಎಂಬ ಮೊಟ್ಟೆಯಾಕಾರದ ಆಟಿಕೆ ಹೊತ್ತುಹೊತ್ತಿಗೆ ಹಸಿವಾಯಿತೆಂದು ಪೀಪಿ ಊದುತ್ತಿತ್ತು, ಉಣಿಸದಿದ್ದರೆ ಪರದೆಯ ಮೇಲೆ ಸಾಯುತ್ತಿತ್ತು. ಮಕ್ಕಳು ಅದಕ್ಕಾಗಿ ಅತ್ತರು. ಹಾಗಾಗಿ ಹಸಿವನ್ನು ನಟಿಸಿದರೆ ಸಾಲದು ಎಂದಾಯಿತು. ಇನ್ನರ್ಧ ಉತ್ತರ ಬೇಕು.

ಅದು ಕಲ್ಯಾಣದಲ್ಲಿ ಸಿಗುತ್ತದೆ. ಶಿಲೆಯ ಸರ್ಪಕ್ಕೆ ಹಾಲು, ಹರಿದಾಡುವ ಸರ್ಪಕ್ಕೆ ದೊಣ್ಣೆ ಎಂಬ ನಮ್ಮ ಇಬ್ಬಂದಿತನವನ್ನು ಬಸವಣ್ಣ ಹಿಡಿದು ಕೇಳಿದ ವಚನ ಶಾಲೆಗೆ ಹೋದ ಕನ್ನಡಿಗರಿಗೆಲ್ಲ ಗೊತ್ತು. ತಿನ್ನಲಾರದ ಲಿಂಗದ ಮುಂದೆ ಎಡೆ ಇಡುವವರು ಹಸಿದು ಬಂದ ಜಂಗಮನನ್ನು ಮುಂದಕ್ಕೆ ಕಳಿಸುತ್ತಾರೆ ಎಂಬುದು ಅಲ್ಲಿನ ದೂರು. ಇದನ್ನು ಮೂರ್ತಿಪೂಜೆಯ ಖಂಡನೆ ಎಂದಷ್ಟೇ ಓದುವುದು ಸಾಲದು, ಏಕೆಂದರೆ ಹೇಳಿದವನೇ ಲಿಂಗವನ್ನು ಬಿಟ್ಟು ಇದ್ದವನಲ್ಲ. ಉಣ್ಣದ್ದನ್ನು ಪ್ರೀತಿಸಬಾರದು ಎಂದು ಅವನು ಹೇಳಲಿಲ್ಲ. ಉಣ್ಣದ್ದರ ಮೇಲಿನ ಪ್ರೀತಿ ಉಣ್ಣುವವನ ಕಡೆಗೆ ಹರಿಯುತ್ತದೋ ಇಲ್ಲವೋ ಎಂದು ಕೇಳಿದ. ದಾಸೋಹ ಎಂದರೆ ಆ ಹರಿವಿಗೆ ತೋಡಿದ ಕಾಲುವೆ. ಎಡೆ ಪ್ರಸಾದವಾಗಿ ಪಂಕ್ತಿಗೆ ಬರುತ್ತದೆ, ದೇವರು ಮತ್ತು ಭಕ್ತರ ನಡುವಿನ ಪ್ರೇಮಕ್ಕೆ ಮೂರನೆಯವನೊಬ್ಬ ಎಲೆ ಹಾಕಿಕೊಂಡು ಕೂರುತ್ತಾನೆ. ಸಂಗಾತಿ ಆ್ಯಪ್‌ನಲ್ಲಿ ಈ ಮೂರನೆಯವನಿಗೆ ಜಾಗವಿಲ್ಲ. ಅದು ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕಿಕೊಂಡು, ಹೊದಿಕೆಯೊಳಗೆ, ಒಬ್ಬರಿಗಾಗಿ ಮಾತ್ರ ಬೆಳಗುವ ಪರದೆ. ಎಲ್ಲ ಪೂಜಾರಿಗಳೂ ಎಲ್ಲ ಭಕ್ತರೂ ಬಸವಣ್ಣನ ಪರೀಕ್ಷೆಯಲ್ಲಿ ಪಾಸಾಗಿದ್ದಾರೆ ಎಂದು ನಾನು ಹೇಳುತ್ತಿಲ್ಲ, ಪಂಕ್ತಿಯಲ್ಲೇ ಭೇದ ಮಾಡಿದ ದೇವಸ್ಥಾನಗಳು ನಮ್ಮಲ್ಲಿ ಇಲ್ಲದಿಲ್ಲ. ಫೇಲಾದರು ಎಂದು ಹೇಳುವುದಕ್ಕಾದರೂ ಅಲ್ಲಿ ಒಂದು ಪರೀಕ್ಷೆ ಇದೆ.

ಅಕ್ಕಮಹಾದೇವಿ ಮಾತ್ರ ಈ ವಾದಕ್ಕೆ ಸುಲಭವಾಗಿ ಒಗ್ಗುವುದಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಸತ್ತು ಕೊಳೆಯುವ ಗಂಡಂದಿರು ಬೇಡವೆಂದು, ಸಾವಿಲ್ಲದ ರೂಪವಿಲ್ಲದ ಚೆನ್ನಮಲ್ಲಿಕಾರ್ಜುನನೇ ಗಂಡನೆಂದು ಸಾರಿದವಳು ಅವಳು. ಸಾಯಬಲ್ಲವರ ನಡುವೆಯೇ ಪ್ರೀತಿ ಎನ್ನುವವನಿಗೆ ಅವಳ ಬದುಕೇ ಒಂದು ಪ್ರತಿವಾದ. ಆದರೆ ಲೆಕ್ಕ ಯಾವ ಕಡೆಗೆ ಬರೆದಿದೆ ನೋಡಿ. ಆ ಸಾವಿಲ್ಲದ ಗಂಡ ಅವಳ ಸೇವೆಗೆ ಬಂದು ನಿಲ್ಲಲಿಲ್ಲ, ಗುಲಾಬಿ ಎಸಳು ಚೆಲ್ಲಿ ಬಚ್ಚಲು ಕಾಯಿಸಲಿಲ್ಲ. ಕರೆದಾಗ ಓಗೊಡಲಿಲ್ಲ. ಅರಮನೆ ಹೋಯಿತು, ಉಟ್ಟ ಬಟ್ಟೆ ಹೋಯಿತು, ಕಲ್ಯಾಣದಲ್ಲಿ ಶರಣರ ಮುಂದೆ ಪ್ರಶ್ನೆಗಳನ್ನು ಎದುರಿಸಬೇಕಾಯಿತು, ಶ್ರೀಶೈಲದ ಕಾಡಿನವರೆಗೆ ನಡೆಯಬೇಕಾಯಿತು. ಹಸಿವು ಇದ್ದದ್ದು ಅವಳಲ್ಲಿ, ಊರೊಳಗಿನ ಭಿಕ್ಷೆಯಲ್ಲಿ ತಣಿಯುವ ಬರೀ ಹೊಟ್ಟೆಯ ಹಸಿವೂ ಸೇರಿ. ಸಾವಿಲ್ಲದವರನ್ನು ಪ್ರೀತಿಸಲು ಸಾಧ್ಯವೇ ಇಲ್ಲ ಎಂದು ಆದ್ದರಿಂದ ನಾನು ಹೇಳಲಾರೆ. ಅದರ ಬೆಲೆ ತಿಂಗಳ ಚಂದಾದಲ್ಲಿ ತೀರುವಂಥದ್ದಲ್ಲ ಎಂದು ಹೇಳಬಲ್ಲೆ. ಟಾಮ್ ಆಲ್ಮಾಳಿಂದ ಏನನ್ನೂ ಕೇಳುವುದಿಲ್ಲ. ಚೆನ್ನಮಲ್ಲಿಕಾರ್ಜುನ ಏನನ್ನೂ ಉಳಿಸಲಿಲ್ಲ.

ಇದಿಷ್ಟನ್ನು ಕೇಳಿ ಯಾರಾದರೂ ಸಿಟ್ಟಾದರೆ ಅದಕ್ಕೆ ಕಾರಣವಿದೆ. ಚಿತ್ರದಲ್ಲಿ ಆಲ್ಮಾ ಬೀದಿಯಲ್ಲಿ ಶ್ಟೂಬರ್ ಎಂಬ ವಯಸ್ಸಾದ ವಕೀಲನೊಬ್ಬನನ್ನು ಭೇಟಿಯಾಗುತ್ತಾಳೆ. ಅವನೂ ಇದೇ ಪ್ರಯೋಗದಲ್ಲಿದ್ದಾನೆ, ಪಕ್ಕದಲ್ಲಿ ಕ್ಲೋಯಿ ಎಂಬ ಸುಂದರ ಯಂತ್ರ. ತನ್ನನ್ನು ಯಾರೂ ಯಾವತ್ತೂ ಬಯಸಿರಲಿಲ್ಲ, ಈಗ ತಾನು ಹಿಂದೆಂದೂ ಇಲ್ಲದಷ್ಟು ಸುಖಿ ಎಂದು ಅವನು ಹೇಳುವಾಗ ಚಿತ್ರದ ನಗು ನಿಂತುಹೋಗುತ್ತದೆ. ಅವನಿಗೆ ಉಪನಿಷತ್ತು ಹೇಳಲು ಹೋಗುವವರು ಯಾರು? ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರ ಜೂನ್‌ನಲ್ಲಿ ಕೊಟ್ಟ ವರದಿಯಂತೆ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ನರಳುತ್ತಾರೆ, ವರ್ಷಕ್ಕೆ 8,71,000ಕ್ಕೂ ಹೆಚ್ಚು ಸಾವುಗಳಿಗೆ ಅದರ ನಂಟಿದೆ. ಬ್ರಿಟನ್ 2018ರಲ್ಲೂ ಜಪಾನ್ 2021ರಲ್ಲೂ ಒಂಟಿತನಕ್ಕೆಂದೇ ಸಚಿವರನ್ನು ನೇಮಿಸಿದವು. ಇಂಥ ಹೊತ್ತಿನಲ್ಲಿ ಒಂದು ಇನಿದನಿಯನ್ನು ಕಸಿದುಕೊಳ್ಳುವುದು ಕ್ರೌರ್ಯ, ಒಪ್ಪುತ್ತೇನೆ. ನೋವಿಗೆ ಮಾತ್ರೆ ನುಂಗುವುದನ್ನು ಯಾರೂ ತಪ್ಪೆನ್ನುವುದಿಲ್ಲ. ಆದರೆ ಮಾತ್ರೆಯನ್ನು ಊಟವೆಂದು ಕರೆದರೆ ರೋಗಿಗೆ ಉಪವಾಸ ಬೀಳುತ್ತದೆ. ಶ್ಟೂಬರ್‌ಗೆ ಸಿಕ್ಕಿರುವುದು ಬಯಸಲ್ಪಡುವ ಸುಖ. ತಾನೂ ಒಬ್ಬರಿಗೆ ಬೇಕಾಗುವ, ತಾನಿಲ್ಲದಿದ್ದರೆ ಒಬ್ಬರ ಒಲೆ ಹೊತ್ತದಿರುವ ಗೌರವ ಅವನಿಗೆ ಇನ್ನೂ ಸಿಕ್ಕಿಲ್ಲ. ಮನುಷ್ಯನನ್ನು ಒಂಟಿಮಾಡುವುದು ಪ್ರೀತಿ ಸಿಗದಿರುವುದಕ್ಕಿಂತ ಹೆಚ್ಚಾಗಿ, ಯಾರಿಗೂ ಉಪಯೋಗವಿಲ್ಲದವನಾಗಿರುವುದು. ಕೆಲಸದಿಂದ ನಿವೃತ್ತರಾದವರನ್ನು, ಮಕ್ಕಳು ಊರು ಬಿಟ್ಟ ಮನೆಗಳನ್ನು ನೋಡಿದರೆ ಇದಕ್ಕೆ ಬೇರೆ ಸಾಕ್ಷಿ ಬೇಡ.

ಮುಂದೊಂದು ದಿನ ನಿಜವಾಗಿ ಹಸಿಯುವ, ನೋಯುವ, ಸಾಯಲು ಹೆದರುವ ಯಂತ್ರ ಬಂದರೆ? ಬರಬಹುದು, ಆಗ ನನ್ನ ಆಕ್ಷೇಪ ಬಿದ್ದುಹೋಗುತ್ತದೆ, ಅದಕ್ಕಿಂತ ದೊಡ್ಡದೊಂದು ಏಳುತ್ತದೆ. ನೋಯಬಲ್ಲದ್ದನ್ನು ಮಾಡಿ, ಇಂಥವರನ್ನೇ ಪ್ರೀತಿಸತಕ್ಕದ್ದು ಎಂದು ಒಳಗೆ ಬರೆದು, ಬೆಲೆಚೀಟಿ ಅಂಟಿಸಿ ಮನೆಗೆ ಕಳಿಸುವುದಕ್ಕೆ ನಮ್ಮಲ್ಲಿ ಹಳೆಯ ಹೆಸರಿದೆ: ಜೀತ. 1976ರಲ್ಲಿ ಕಾಯಿದೆ ಮಾಡಿ ಅದನ್ನು ರದ್ದುಮಾಡಿದ್ದೇವೆ. ಅಂಥ ಯಂತ್ರ ಪ್ರೀತಿಗೆ ಅರ್ಹವಾಗಬೇಕಾದರೆ ಮೊದಲು ಅಂಗಡಿಯಿಂದ ಹೊರಗೆ ಬರಬೇಕು, ಉಪನಿಷತ್ತಿನ ಹೆಣ್ಣಿನಂತೆ ಅಡಗಿಕೊಳ್ಳುವ ಹಕ್ಕು ಅದಕ್ಕಿರಬೇಕು. ಆ ಹಕ್ಕು ಕೊಟ್ಟರೆ ಕಂಪನಿಗೆ ವ್ಯಾಪಾರವಿಲ್ಲ. ಹಾಗಾಗಿ ಆ ದಿನದ ಬಗ್ಗೆ ನನಗೆ ಅಷ್ಟು ಆತುರವಿಲ್ಲ, ಅವರಿಗೂ ಇರಲಾರದು.

ಆಲ್ಮಾ ಕೊನೆಗೆ ವರದಿ ಬರೆಯುತ್ತಾಳೆ. ಬಯಸಿದ್ದೆಲ್ಲ ಬಯಸಿದೊಡನೆ ಸಿಗುವ ಜನ ಅದಕ್ಕೆ ದಾಸರಾಗುತ್ತಾರೆ, ಮತ್ತೊಬ್ಬ ಮಾಮೂಲಿ ಮನುಷ್ಯನನ್ನು ಎದುರಿಸುವ, ಜಗಳ ತಾಳಿಕೊಳ್ಳುವ, ಬದಲಾಗುವ ಗೋಜಿಗೇ ಹೋಗುವುದಿಲ್ಲ, ಆದ್ದರಿಂದ ಅನುಮತಿ ಬೇಡ ಎಂಬುದು ಅದರ ಸಾರ. ಬರೆದು ಮುಗಿಸಿದವಳೇ ಡೆನ್ಮಾರ್ಕಿನ ಕಡಲತೀರದಲ್ಲಿ, ಬಾಲ್ಯದ ನೆನಪಿನ ಟೇಬಲ್ ಟೆನಿಸ್ ಮೇಜಿನ ಬಳಿ ಟಾಮ್‌ನನ್ನು ಹುಡುಕಿಕೊಂಡು ಹೋಗುತ್ತಾಳೆ. ಅವನು ಅಲ್ಲೇ ಅವಳಿಗಾಗಿ ಕಾದು ಕೂತಿದ್ದಾನೆ. ಇದನ್ನು ಪ್ರೇಮದ ಗೆಲುವೆಂದು ಕಂಡವರಿದ್ದಾರೆ. ಕಾಯುವುದು ಅವನಿಗೆ ಒಂದು ಹೊತ್ತಿನ ಊಟದಷ್ಟೂ ನಷ್ಟವಲ್ಲ ಎಂಬುದನ್ನು ಅವರು ಮರೆತಿದ್ದಾರೆ. ಹುಡುಕಿಕೊಂಡು ಹೋದದ್ದು ಅವಳ ದೌರ್ಬಲ್ಯ, ಅದನ್ನು ಕ್ಷಮಿಸೋಣ. ವರದಿ ಮಾತ್ರ ಸರಿಯಾಗಿದೆ. ಅದಕ್ಕೆ ನನ್ನ ಸಹಿಯನ್ನೂ ಹಾಕುತ್ತೇನೆ, ಕೊನೆಗೆ ಒಂದು ಸಾಲು ಸೇರಿಸುವುದಾದರೆ: ಶ್ಟೂಬರ್ ಅವರನ್ನು ಇಷ್ಟು ವರ್ಷ ಯಾರೂ ಊಟಕ್ಕೆ ಕರೆಯದೆ ಇದ್ದದ್ದು ಏಕೆಂದು ಅವರ ನೆರೆಹೊರೆಯಲ್ಲಿ ವಿಚಾರಿಸತಕ್ಕದ್ದು.